ಬೆಟ್ಟದ ಮೇಲೆ ಸಿಕ್ಕ ‘ಪೋಲಿ’

ನೈರೋಬಿ ಪಕ್ಕದ ಎನ್‌ಗಾಂಗ್ ಬೆಟ್ಟದ ನೆತ್ತಿಯ ಮೇಲಿನ ಕಾಲುದಾರಿಯಲ್ಲಿ ನನ್ನ ಗಂಡ ಜಾರಿ ದೊಪ್ಪನೆ ಬಿದ್ದರು. ಎದುರಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಓಡಿಬಂದು, ಅವರ ಕೈ ಹಿಡಿದೆತ್ತಿ, ಮುಖವನ್ನೇ ನೋಡುತ್ತ ಮೆಲ್ಲಗೆ ‘ಪೋಲಿ’ ಎಂದಳು. ಇವರು ಹಲ್ಲುಕಿರಿದು ‘ಅಸಾಂಟೆ’ ಎಂದು ಥ್ಯಾಂಕ್ಸ್ ಬೇರೆ ಹೇಳಿದರು!

ನಾನು ಈ ಊರಿಗೆ ಬಂದು ವಾರವಾಗಿತ್ತಷ್ಟೆ. ಇವರು ಕಂಪನಿ ಕೆಲಸದ ಮೇಲೆ ಎರಡು ವರ್ಷದಿಂದ ಒಬ್ಬರೇ ಇದ್ದರು. ರಜೆಯಲ್ಲಿ ನಾರ್ವೆಯ ಬೆಟ್ಟ ಹತ್ತೋಣ, ಮೊದಲು ಇಲ್ಲಿ ತಾಲೀಮು ಮಾಡೋಣ ಎಂದು ಕರೆತಂದಿದ್ದರು.

“ಯಾರ್ರೀ ಅವಳು? ನಿಮ್ಮ ವಿಷಯ ಅವಳಿಗೆ ಹೇಗೆ ಗೊತ್ತು?” ಎಂದೆ.

“ಅಯ್ಯೋ, ಅದು ಪೋಲೆ ಕಣೇ! ಸ್ವಾಹಿಲಿಯಲ್ಲಿ ‘ಪಾಪ, ಪೆಟ್ಟಾಯ್ತಾ’ ಅಂತ ಅರ್ಥ” ಎಂದರು, ಪ್ಯಾಂಟಿನ ಧೂಳು ಕೊಡವುತ್ತ. ನಾನು ನಂಬಲಿಲ್ಲ. ಸ್ವಲ್ಪ ಮುಂದೆ ನಾನೇ ಮುಗ್ಗರಿಸಿದಾಗ, ಹಿಂದೆ ಬರುತ್ತಿದ್ದ ಅಜ್ಜನೊಬ್ಬ ನನಗೂ ಅದನ್ನೇ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ.

ನಾರ್ವೆಗೆ ನಾವಿನ್ನೂ ಹೋಗಿಲ್ಲ. ಮನೆಯಲ್ಲಿ ಇವರು ಎಡವಿದಾಗಲೆಲ್ಲ ನಾನು ‘ಪೋಲಿ’ ಅನ್ನುತ್ತೇನೆ. ಯಾವ ಭಾಷೆಯಲ್ಲಿ ಎಂದು ಕೇಳುವ ಧೈರ್ಯ ಇವರಿಗಿನ್ನೂ ಬಂದಿಲ್ಲ.