ಎತ್ತರದಿಂದ ಹುಯ್ದ ಕಾಫಿ

ರಬ್ಬರಿನ ಧಾರಣೆ ಬಿದ್ದಾಗ ಮಲಯಾದಲ್ಲಿ ಮೊದಲು ರಜೆ ಸಿಕ್ಕಿದ್ದು ಮರಗಳಿಗೆ. ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ನೋಡುತ್ತೇನೆ, ದಾರಿಯ ಎರಡೂ ಕಡೆ ಮರಗಳ ಸೊಂಟಕ್ಕೆ ಕೆಂಪು ಪಟ್ಟೆ ಬಳಿದಿದ್ದಾರೆ. ಮರದ ಹಾಲು ಇಳಿಯುವ ಬಟ್ಟಲುಗಳನ್ನೆಲ್ಲ ಕಿತ್ತು ರಾಶಿ ಹಾಕಿದ್ದಾರೆ. ಏನಿದು ಎಂದು ಕೇಳಿದರೆ, "ಮರಕ್ಕೆ ವಿಶ್ರಾಂತಿ, ತೋಟದ ದೊರೆ ಹೇಳಿದ್ದಾರೆ" ಎಂದರು. ಸುಮ್ಮನೆ ಬಿಟ್ಟರೆ ಕೊಯ್ದು ಕೊಯ್ದು ಸೊರಗಿದ ತೊಗಟೆ ಮತ್ತೆ ತುಂಬಿಕೊಳ್ಳುತ್ತದಂತೆ. ಸರಿ, ಮರಕ್ಕೆ ವಿಶ್ರಾಂತಿ. ಆ ಮರ ಕೊಯ್ಯುತ್ತಿದ್ದ ಜನಕ್ಕೆ? ಅವರಿಗೆ ಹಡಗಿನ ಟಿಕೆಟ್ಟು.

ಟಿಕೆಟ್ಟು ಪುಕ್ಕಟೆ. ಕಂಪನಿಯ ಔದಾರ್ಯವೆಂದು ತಮಟೆ ಹೊಡೆಸಿ ಸಾರಿದರು. ಮದ್ರಾಸಿನವರೆಗೆ ಹಡಗಿನ ಮೇಲಟ್ಟದಲ್ಲಿ ಚಾಪೆ ಹಾಸುವಷ್ಟು ಜಾಗ. ಔದಾರ್ಯದ ಬಾಲದಲ್ಲಿ ಒಂದು ಷರತ್ತೂ ಇತ್ತು: ಪುಕ್ಕಟೆ ಟಿಕೆಟ್ಟು ತೆಗೆದುಕೊಂಡವನ ಪರ್ಮಿಟ್ಟು ಅಲ್ಲಿಗೆ ರದ್ದು, ಮತ್ತೆ ಮಲಯಾದ ನೆಲ ಮೆಟ್ಟುವಂತಿಲ್ಲ. ಮರವನ್ನಾದರೆ ಮತ್ತೆ ಕೊಯ್ಯಬೇಕು, ಜೋಪಾನ ಮಾಡುತ್ತಾರೆ. ಮನುಷ್ಯ ಬೇರೆ ಸಿಗುತ್ತಾನೆ.

ಶಾಲೆಯ ಮೇಷ್ಟ್ರುಗಳಿಗೂ ಅದೇ ಮಾತು ಬಂತು. ಹೋಗುವುದಾದರೆ ಟಿಕೆಟ್ಟು, ಇರುವುದಾದರೆ ಅರ್ಧ ಸಂಬಳ. ಯೋಚಿಸಿ ಹೇಳಿ ಎಂದರು. ನನಗೆ ಕೂಡಿಟ್ಟ ರಜೆಯಿತ್ತು. ಕಂಪನಿಯ ಟಿಕೆಟ್ಟು ಮುಟ್ಟದೆ, ಪರ್ಮಿಟ್ಟು ಜೀವಂತ ಇಟ್ಟುಕೊಂಡು, ಕೈಯಿಂದ ಖರ್ಚು ಮಾಡಿ ಹೆಂಡತಿಯನ್ನು ಕರೆದುಕೊಂಡು ಮೈಸೂರಿಗೆ ಹೊರಟೆ. ಊರು ನನ್ನನ್ನು ಇಟ್ಟುಕೊಳ್ಳುತ್ತದೆಯೇ ನೋಡಿಬಿಡೋಣ ಎಂದು.

ಊರೆಂದರೆ ಬೋಗಾದಿ. ಮೈಸೂರಿನವರು ನಗಬೇಡಿ, ಇಲ್ಲಿ ಕೇಳಿದವರಿಗೆಲ್ಲ ಮೈಸೂರು ಎಂದೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಬಿ.ಎ. ಮಾಡಿದ ಮೊದಲಿಗ ನಾನು. ಮನೆಯಲ್ಲೇನು, ಊರಿನಲ್ಲೇ. ನಮ್ಮವ್ವ ಮೊಸರಿನ ಗಡಿಗೆ ಹೊತ್ತು ಮೈಸೂರಿಗೆ ನಡೆದ ದಾರಿಯಲ್ಲೇ ನಾನು ಪುಸ್ತಕ ಹಿಡಿದು ನಡೆದದ್ದು. ಆಮೇಲೆ ಹಾಸ್ಟೆಲ್ಲಿನ ಧರ್ಮದ ಊಟ ಉಂಡು ಓದಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಜಂಬವಿದೆ. ಸ್ವಾತಂತ್ರ್ಯ ಬಂದ ಮರುವರ್ಷ, ಮೈಸೂರಿನಲ್ಲಿ ಕೆಲಸಕ್ಕೆ ಅಲೆದು ಚಪ್ಪಲಿ ಸವೆದ ಮೇಲೆ, ಈ ರಬ್ಬರ್ ತೋಟದ ಇಂಗ್ಲಿಷ್ ಶಾಲೆಗೆ ಮೇಷ್ಟ್ರಾಗಿ ಬಂದೆ.

ಬಂದ ಹೊಸದರಲ್ಲಿ ಎಲ್ಲವೂ ತಿರುಗುಮುರುಗು. ಮನೆ ನೆಲದ ಮೇಲಿಲ್ಲ, ಮರದ ಕಂಬಗಳ ಮೇಲೆ ನಿಂತಿದೆ. ರಾತ್ರಿಯೆಲ್ಲ ಕೆಳಗೆ ಪಕ್ಕದವರ ಕೋಳಿ ಕೆದರುವ ಸದ್ದು. ಮಳೆ ಹೇಳದೆ ಕೇಳದೆ ದಿನಾ ಮಧ್ಯಾಹ್ನ ಹಾಜರು. ಕನ್ನಡವೆಂಬ ಒಂದು ಭಾಷೆಯಿದೆ ಎಂದು ಯಾರನ್ನೂ ನಂಬಿಸಲಾಗಲಿಲ್ಲ. ಕೊನೆಗೆ ನಾನೇ ತಮಿಳು ಕಲಿತೆ. ಮುದ್ದೆ ಕಾಣದೆ ನಾಲಿಗೆ ಒಣಗಿ, ಹೆಂಡತಿ ಜಯಮ್ಮ ಬಿಸಿನೀರಲ್ಲಿ ತೊಳಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಮುದ್ದೆಯೆಂದುಕೊಂಡು ನುಂಗಿದ್ದುಂಟು. ಆದರೆ ಇಲ್ಲಿನ ಕೆಡೈ, ಅಂದರೆ ಅಂಗಡಿ, ಅದರಲ್ಲೂ ಚೀಣಿಯವರ ಕಾಫಿಯಂಗಡಿ ನನಗೆ ಮೊದಲ ದಿನವೇ ಹಿಡಿಸಿತು. ದುಂಡನೆಯ ಕಲ್ಲಿನ ಮೇಜು. ಮರ ಕೊಯ್ಯುವವನು, ಲಾರಿಯವನು, ಮೇಷ್ಟ್ರು ಒಂದೇ ಮೇಜಿಗೆ. ಎಲ್ಲರ ಬಟ್ಟಲೂ ಒಂದೇ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ನೀನು ಯಾವ ಪೈಕಿ ಎಂದು ಆ ಚೀಣಿಯವನು ಇವತ್ತಿನವರೆಗೂ ಕೇಳಿಲ್ಲ. ಸಕ್ಕರೆ ಎಷ್ಟು ಎಂದು ಮಾತ್ರ ಕೇಳಿದ್ದಾನೆ.

ಮಲಯಾ ಸ್ವರ್ಗವೆಂದು ಹೇಳುತ್ತಿಲ್ಲ. ದೊರೆಯ ಬಂಗಲೆಯಲ್ಲಿ ಕ್ರಿಸ್‌ಮಸ್ಸಿಗೆ ನಮ್ಮನ್ನು ಕರೆಯುತ್ತಾರೆ, ಹಿತ್ತಿಲ ಬಾಗಿಲಿಗೆ. ಬಿಳಿಯರಿಗೆ ಗಾಜಿನ ಲೋಟದಲ್ಲಿ ಶರಬತ್ತು, ನಮಗೆ ತಗಡಿನ ಮಗ್ಗಿನಲ್ಲಿ. ನಾನು ಒಂದೇ ವರ್ಷ ಹೋದೆ. ಮಾರನೆಯ ವರ್ಷ ಕರೆದಾಗ ಜ್ವರ ಎಂದು ಹೇಳಿಕಳಿಸಿದೆ. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ನನಗೆ ಜ್ವರ.

ರಜೆಯಲ್ಲಿ ಊರು ಮುಟ್ಟಿದರೆ, ಬೋಗಾದಿಯ ಜನಕ್ಕೆ ನಾನು ದೊಡ್ಡ ಸಾಹುಕಾರ. "ಮಲಯಾದಲ್ಲಿ ಮರದಲ್ಲೇ ಹಾಲು ಸುರಿತದಂತಲ್ಲಪ್ಪ, ನಿಂಗೇನು ಕಮ್ಮಿ" ಎಂದು ಜಗಲಿಯ ಮೇಲೆ ಕೂತು ಕೇಳುವವರು ಒಬ್ಬಿಬ್ಬರಲ್ಲ. ಅವ್ವ ಮಾತ್ರ ಕೆಲಸದ ಮಾತು ಕೇಳಿದಳು.

"ಆ ಹಾಲು ಏನ್ ಮಾಡ್ತಾರೆ ಮಗಾ?"

"ಹೆಪ್ಪು ಹಾಕ್ತಾರೆ ಅವ್ವ. ತೊಟ್ಟೀಲಿ ಗಟ್ಟಿಯಾಗುತ್ತೆ, ಹಾಳೆ ಮಾಡಿ ಹೊಗೆಗೆ ಇಡ್ತಾರೆ."

"ಹೆಪ್ಪಾ? ಮೊಸರಿನ ಹೆಪ್ಪಾ?"

"ಅಲ್ಲವ್ವ, ಆಸಿಡ್ಡು."

"ಥೂ! ತಿನ್ನಂಗಿಲ್ಲ, ಕುಡ್ಯಂಗಿಲ್ಲ. ಅಂಥ ಹಾಲು ಕಟ್ಕಂಡು ಏನ್ ಮಾಡೀಯೋ. ಬಂದ್ಬುಡು ಇಲ್ಲಿಗೇ. ಮೈಸೂರಲ್ಲಿ ಮೇಷ್ಟ್ರಾಗು. ನಾ ಮೊಸರು ಮಾರಿದ್ ಬೀದೀಲಿ ನೀ ಕೋಟು ಹಾಕ್ಕಂಡು ನಡ್ಯದ ನಾ ನೋಡ್ಬೇಕು ಕಣಪ್ಪ."

ಅವಳ ಆಸೆಗೆ ತಕ್ಕಂತೆ ಒಂದು ಕೆಲಸವೂ ಕಾದಿತ್ತು. ಮೈಸೂರಿನ ಒಂದು ಖಾಸಗಿ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರು ಬೇಕಾಗಿದ್ದರು. ಅದರ ಕಮಿಟಿಯ ಸೆಕ್ರೆಟರಿ ಅಗ್ರಹಾರದಲ್ಲಿ ಮನೆ ಮಾಡಿಕೊಂಡಿದ್ದ ನಿವೃತ್ತ ಅಮಲ್ದಾರರು. ಬೆಳಿಗ್ಗೆ ಬಂದು ಕಾಣಿ ಎಂದು ಹೇಳಿಕಳಿಸಿದ್ದರು. ಕೋಟಿಗೆ ಇಸ್ತ್ರಿ ಹಾಕಿಸಿ, ಪೇಟ ಸುತ್ತಿಕೊಂಡು ಹೋದೆ.

ಅವರು ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತಿದ್ದರು. ನನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ನೋಡಿದರು. "ಭೇಷ್, ಇಂಗ್ಲಿಷಿನಲ್ಲಿ ಒಳ್ಳೆ ನಂಬರುಗಳು. ಕೂತುಕೊಳ್ಳಿ" ಎಂದರು. ಊರು ಯಾವುದು ಎಂದರು. ಬೋಗಾದಿ ಎಂದೆ. ಕನ್ನಡಕ ಮೇಲೆತ್ತಿ ಮುಖ ನೋಡಿದರು.

"ಬೋಗಾದಿ... ನೀನು ಮೊಸರು ನಂಜಿಯ ಮಗನಲ್ಲವೇನೋ?"

ಅಷ್ಟು ಬೇಗ 'ಕೂತುಕೊಳ್ಳಿ' ಹೋಗಿ 'ಏನೋ' ಬಂತು! ನನ್ನ ಬಿ.ಎ. ಅವರ ತೊಡೆಯ ಮೇಲೆಯೇ ಇತ್ತು, ಅದರ ಮೇಲಿನ ಮೊಹರು ಆಗಲೂ ಹಾಗೆಯೇ ಇತ್ತು. ನಾನು ಮಾತ್ರ ಒಂದು ಕ್ಷಣದಲ್ಲಿ ಗಡಿಗೆಯ ಹಿಂದೆ ನಿಂತ ಹುಡುಗನಾದೆ.

"ಹೌದು ಸ್ವಾಮಿ, ನಂಜಮ್ಮನವರ ಮಗ" ಎಂದೆ, ಅಮ್ಮನವರ ಎಂಬುದನ್ನು ಒತ್ತಿ.

"ಸಂತೋಷ, ಬಹಳ ಸಂತೋಷ. ನಮ್ಮ ಮನೆಗೆ ಹಾಕಿದ ಮೊಸರಿನಿಂದ ಓದಿದ ಹುಡುಗ ಅನ್ನು! ಕೆಲಸ ನಿನಗೇ ಅಂತ ಇಟ್ಟುಕೋ. ಮಲಯಾದ ವರ್ಷಗಳನ್ನ ಲೆಕ್ಕಕ್ಕೆ ಹಿಡಿಯೋದಿಲ್ಲ, ಕೆಳಗಿನ ಗ್ರೇಡಿನಿಂದ ಶುರು ಮಾಡಬೇಕು. ಏನಂತೀಯ? ಏ, ಕಾಫಿ ತಾರೇ, ನಂಜಿ ಮಗ ಬಂದಿದಾನೆ!"

ಅವರ ಮನೆಯಾಕೆ ಬಂದರು. ಒಳ್ಳೆಯವರೇ, ಅವ್ವ ಹೇಗಿದ್ದಾಳೆ ಎಂದು ಅಕ್ಕರೆಯಿಂದಲೇ ಕೇಳಿದರು. ಕೇಳುತ್ತ, ಜಗಲಿಯ ಗೂಡಿನಿಂದ ಒಂದು ಸೊಟ್ಟ ಲೋಟ ತೆಗೆದು ನನ್ನ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತರು. ನಿಂತು, ಕೈಯೆತ್ತಿ, ಮೇಲಿನಿಂದ ಕಾಫಿ ಹುಯ್ದರು. ಲೋಟಕ್ಕೂ ಅವರ ಪಾತ್ರೆಗೂ ಒಂದು ಮೊಳ ಅಂತರ. "ಕುಡಿದು ತೊಳೆದು ಅಲ್ಲೇ ಕವುಚಿಬಿಡಪ್ಪ" ಎಂದರು.

ಅದೇ ಜಗಲಿ. ನಮ್ಮವ್ವ ಇಲ್ಲೇ ಅಲ್ಲವೇ ಅವರ ಪಾತ್ರೆ ಮೈಲಿಗೆಯಾಗದ ಹಾಗೆ ಮೇಲಿನಿಂದ ಮೊಸರು ಹುಯ್ದದ್ದು! ಆಕೆ ಹುಯ್ದಾಗಲೂ ಮೈಲಿಗೆ ನಮ್ಮದೇ, ಅವರು ಹುಯ್ದಾಗಲೂ ನಮ್ಮದೇ. ಹುಯ್ಯುವ ಕೈ ಯಾವುದಾದರೇನು, ಅಂತರ ಮಾತ್ರ ಅಷ್ಟೇ. ನಡುವೆ ನಾನು ಓದಿದ್ದು, ಹಡಗು ಹತ್ತಿದ್ದು, ಸ್ವರಾಜ್ಯ ಬಂದದ್ದು, ಆ ಜಗಲಿಗೆ ಇದಾವುದೂ ತಿಳಿದೇ ಇಲ್ಲ.

ಕಾಫಿ ಮುಟ್ಟಲಿಲ್ಲ. ಸರ್ಟಿಫಿಕೇಟುಗಳನ್ನು ಕೇಳಿ ತೆಗೆದುಕೊಂಡೆ. "ಯಾಕೋ, ಕಾಫಿ ಕುಡಿಯಲಿಲ್ಲ?" ಎಂದರು ಸೆಕ್ರೆಟರಿ, ನಿಜವಾಗಿಯೂ ಅರ್ಥವಾಗದೆ. "ಜ್ವರ ಸ್ವಾಮಿ" ಎಂದು ಬೀದಿಗೆ ಇಳಿದೆ. ಮಲಯಾದ ಜ್ವರ ಮೈಸೂರಿನಲ್ಲೂ ಕೆಲಸಕ್ಕೆ ಬಂತು.

ಬೋಗಾದಿಯವರೆಗೂ ನಡೆದೇ ಬಂದೆ, ಸಿಟ್ಟು ಇಳಿಯಲಿ ಎಂದು. ಇಳಿಯಲಿಲ್ಲ. ಮನೆಯ ಮುಂದೆ ನಿಂತು ಅವ್ವನಿಗೂ ಜಯಮ್ಮನಿಗೂ ಎಲ್ಲವನ್ನೂ ಹೇಳಿದೆ. ಇಪ್ಪತ್ತನೆಯ ಶತಮಾನ ಎಂದೆ, ಸಂವಿಧಾನ ಎಂದೆ, ಲೋಟ ಎತ್ತಿ ಅವರ ಮುಖಕ್ಕೆ ಎರಚಬೇಕಿತ್ತು ಎಂದೆ. ಅವ್ವ ಕಂಬಕ್ಕೊರಗಿ ಕೇಳುತ್ತಿದ್ದಳು.

"ಅದ್ಕೇ ಕೆಲ್ಸ ಬುಟ್ಟು ಬಂದ್ಯಾ? ಅಂಗೇ ಕಣೋ ಅವ್ರು ಮೊದ್ಲಿಂದ. ಕೆಟ್ಟೋರಲ್ಲ. ಹಬ್ಬ ಬಂದ್ರೆ ಒಬ್ಬಟ್ಟು ಕೊಡೋರು."

"ಎಷ್ಟು ಎತ್ತರದಿಂದ ಹಾಕೋರು ಅವ್ವ, ಒಬ್ಬಟ್ಟ?"

ಅಷ್ಟರಲ್ಲಿ ಅಣ್ಣನ ಹೊಲದ ಆಳು ಕರಿಯ ಅಂಗಳದಾಚೆ ಬಂದು ನಿಂತು, "ಅಮ್ಮಾವ್ರೇ, ಮಜ್ಜಿಗೆ" ಎಂದ. ಅತ್ತಿಗೆ ಚೆಂಬು ಹಿಡಿದು ಬಂದರು. ಕರಿಯ ಬಗ್ಗಿ ಎರಡು ಕೈಯನ್ನೂ ಬೊಗಸೆ ಮಾಡಿ ಬಾಯಿಗೆ ಹಿಡಿದ. ಅತ್ತಿಗೆ ಕೈಯೆತ್ತಿ, ಮೇಲಿನಿಂದ, ಧಾರೆಯಾಗಿ ಹುಯ್ದರು. ಮಜ್ಜಿಗೆ ಅವನ ಮೊಣಕೈಯಿಂದ ಮಣ್ಣಿಗೆ ತೊಟ್ಟಿಕ್ಕಿತು. ಅವನಿಗೆ ಸೊಟ್ಟ ಲೋಟವೂ ಇಲ್ಲ.

ಜಯಮ್ಮ ನನ್ನ ಮುಖ ನೋಡಿದಳು. "ಹೇಳ್ರೀ ಈಗ, ಸಂವಿಧಾನ."

"ಅತ್ತಿಗೆ, ಒಂದು ಲೋಟ ಕೊಡಬಾರದಾ ಅವನಿಗೆ?" ಎಂದೆ.

"ಅಯ್ಯೋ, ಲೋಟ ಮುಟ್ಟಿದ್ರೆ ಊರೋರು ನಮ್ಮನೇಲಿ ನೀರು ಕುಡಿತಾರಾ ಮೈದ್ನೋರೇ? ನೀವು ಹಡಗು ಹತ್ತಿ ಓಯ್ತೀರ, ನಾವು ಇಲ್ಲೇ ಬಾಳ್ಬೇಕು." ಅತ್ತಿಗೆ ನಕ್ಕರು. ಕರಿಯನೂ ನಕ್ಕ. "ಬುಡಿ ಬುದ್ಧಿ, ಲೋಟ ಯಾಕೆ, ಬೊಗಸೇಲಿ ಜಾಸ್ತಿ ಇಡಿತದೆ."

ಅವರೆಲ್ಲ ನಗುತ್ತಿದ್ದಾಗ ನನಗೆ ಎಷ್ಟು ಉರಿಯಿತೆಂದರೆ, ಅಗ್ರಹಾರದ ಜಗಲಿಯ ಮೇಲೂ ಅಷ್ಟು ಉರಿದಿರಲಿಲ್ಲ. ಸೆಕ್ರೆಟರಿಯ ಮೇಲೆ ಸಿಟ್ಟು ಮಾಡುವುದು ಸುಲಭ. ಅದಕ್ಕೊಂದು ಸುಖವೂ ಇದೆ. ನಮ್ಮ ಅಂಗಳದಲ್ಲಿ ನಿಂತು ಯಾರ ಮೇಲೆ ಮಾಡಲಿ? ನನಗೆ ಮುದ್ದೆ ತಟ್ಟಿ ಕೊಟ್ಟ ಕೈಯೇ ಅದು.

ರಜೆ ಮುಗಿಯುವವರೆಗೂ ಮನೆಯಲ್ಲಿ ಅದೇ ಮಾತು. ಕೆಲಸ ಇನ್ನೂ ಖಾಲಿಯಿದೆ, ಸೆಕ್ರೆಟರಿ ಎರಡು ಸಲ ಹೇಳಿಕಳಿಸಿದರು. ಒಪ್ಪಿಕೊ ಎಂದು ಅವ್ವ. ಧಾರಣೆ ಇನ್ನೂ ಬಿದ್ದರೆ ಅರ್ಧ ಸಂಬಳವೂ ಇಲ್ಲ, ಆಗ ಏನು ಮಾಡುತ್ತೀಯ ಎಂದು ಅಣ್ಣ. ಅವನ ಮಾತು ಸುಳ್ಳಲ್ಲ. ಜಯಮ್ಮನನ್ನು ಕೇಳಿದೆ.

"ನನ್ನ ಕೇಳ್ತೀರಾ? ಅಲ್ಲಿ ಬೇರೆಯೋರ ಮೇಲೆ ಸಿಟ್ಟು ಮಾಡ್ಕೊಂಡು ನೆಮ್ಮದಿಯಾಗಿರಬಹುದು. ಇಲ್ಲಿ ನಮ್ಮೋರ ಮೇಲೇ ಮಾಡ್ಕೋಬೇಕು. ನಿಮ್ಮ ಕೈಲಿ ಆಗುತ್ತಾ?"

ನನ್ನ ಕೈಲಿ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹಾಗೆಂದು ಹೊರಡುತ್ತೇನೆ ಎಂದೂ ಅವ್ವನಿಗೆ ಹೇಳಲಾರದೆ ಹೋದೆ. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ನೆರಳಿನ ಕಡೆ ಹಗ್ಗದ ಮೇಲೆ ಒಂದು ಬಿಳಿ ಬಟ್ಟೆಯ ತುಂಡು ಒಣಗುತ್ತಿತ್ತು. ಗಟ್ಟಿ ಮೊಸರಿನಲ್ಲಿ ಅದ್ದಿ ಹಾಕಿದ ಬಟ್ಟೆ. ಹಾಗೆ ಒಣಗಿಸಿಟ್ಟರೆ ಎಷ್ಟು ದೂರ ಹೋದರೂ ಹೆಪ್ಪು ಸಾಯುವುದಿಲ್ಲ. ಬೆಚ್ಚಗಿನ ಹಾಲಿಗೆ ಬಿಟ್ಟರೆ ಮೊಸರು ಕೂರುತ್ತದೆ. ಅವ್ವ ನನಗಿಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಬಟ್ಟೆ ಮಡಿಸಿ ಜಯಮ್ಮನ ಕೈಗೆ ಕೊಡುವಾಗ ನನ್ನ ಕಡೆ ತಿರುಗಿ, "ಆ ಆಸಿಡ್ಡು ಗೀಸಿಡ್ಡು ತಿನ್ಬ್ಯಾಡ ಕಣೋ" ಎಂದಳು. ಮುಖ ನೋಡಲಿಲ್ಲ.

ಹಿಂದಿರುಗಿದೆವು. ಇಲ್ಲಿ ಕೆಂಪು ಪಟ್ಟೆ ಇನ್ನೂ ಎಷ್ಟೋ ಮರಗಳಿಗೆ ಹಬ್ಬಿತ್ತು. ಕೂಲಿಗಳ ಸಾಲುಮನೆಗಳಲ್ಲಿ ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದವು. ನಮ್ಮ ಮನೆಯ ಹಿಂದಿನ ಸಾಲಿನ ಮುನಿಯಾಂಡಿ ಪುಕ್ಕಟೆ ಟಿಕೆಟ್ಟಿಗೆ ಹೆಬ್ಬೆಟ್ಟು ಒತ್ತಿಬಿಟ್ಟಿದ್ದ. ಇದೇ ತೋಟದಲ್ಲಿ ಹುಟ್ಟಿ, ಇಲ್ಲೇ ಮರ ಕೊಯ್ದು ಬೆಳೆದವನು. ಅಪ್ಪ ಹೇಳಿದ ಕತೆಗಳಲ್ಲಿ ಬಿಟ್ಟರೆ ತಂಜಾವೂರಿನ ತನ್ನ ಊರನ್ನು ಕಂಡವನೇ ಅಲ್ಲ. ಆದರೂ 'ಊರಿಗೆ ಹೋಗುತ್ತೇನೆ' ಎನ್ನುತ್ತಾನೆ! ಹೊರಡುವ ಮುನ್ನಾದಿನ ತನ್ನ ಹಸುವನ್ನು ನಮ್ಮ ಮನೆಯ ಕಂಬಕ್ಕೆ ಕಟ್ಟಿ, "ಇದಕ್ಕೆ ಟಿಕೆಟ್ಟು ಕೊಡಲಿಲ್ಲ ಸಾರ್, ನೀವೇ ಇಟ್ಟುಕೊಳ್ಳಿ" ಎಂದ.

ಅವನ ಮನೆಯಿಂದ ಬಂದಿದ್ದ ಆ ಹಸುವಿನ ಹಾಲಿಗೇ ಜಯಮ್ಮ ಹಿಂದಿನ ರಾತ್ರಿ ಅವ್ವನ ಬಟ್ಟೆ ಬಿಟ್ಟಿದ್ದಳು. ಮೊಸರು ಕೂತಿತ್ತು. ಮಜ್ಜಿಗೆ ಕಡೆದು ತಂದಳು. ಮುನಿಯಾಂಡಿಯ ಕೈಗೆ ನಮ್ಮ ಲೋಟ ಕೊಟ್ಟು ನಾನೇ ಹುಯ್ದೆ. ಚೆಂಬಿನ ಬಾಯಿ ಲೋಟಕ್ಕೆ ತಾಗಿ ಠಣ್ ಎಂದಿತು. ಅವನು ಕಾಫಿಯಂಗಡಿಯ ಅಭ್ಯಾಸದಂತೆ ಕಚ್ಚಿಯೇ ಕುಡಿದು ಮೀಸೆ ಒರೆಸಿಕೊಂಡ.

"ನೀವು ಈಗ ತಾನೇ ಊರಿನಿಂದ ಬಂದವರು ಸಾರ್. ಊರಲ್ಲಿ ನಮ್ಮಂಥವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಲ್ಲ?"

ಹೌದು ಎಂದು ಹೇಳಿ ಕಳಿಸಿದ್ದರೆ ಅವನು ಹಡಗಿನಲ್ಲಾದರೂ ಸುಖವಾಗಿ ಮಲಗುತ್ತಿದ್ದ. ನನ್ನ ನಾಲಿಗೆಗೆ ಅದು ಬರುವುದಿಲ್ಲ.

"ಎತ್ತರದಿಂದ ಹುಯ್ಯುತ್ತಾರೆ ಮುನಿಯಾಂಡಿ. ಬೊಗಸೆ ಒಡ್ಡು ಅನ್ನುತ್ತಾರೆ. ಒಡ್ಡಬೇಡ. ಲೋಟ ಕೇಳು."

ಅವನು ಲೋಟವನ್ನು ತಿರುಗಿಸಿ ನೋಡಿದ. "ನೀವು ಕೇಳಿದಿರಾ ಸಾರ್?"

"ಕುಡಿಯದೆ ಎದ್ದು ಬಂದೆ. ಹಡಗು ಹತ್ತಿದೆ."

"ಅದು ಸರಿ ಸಾರ್" ಎಂದು ಅವನು ನಕ್ಕ, ಕರಿಯ ನಕ್ಕ ಹಾಗೆಯೇ. "ನನಗೆ ತಿರುಗಿ ಹತ್ತುವ ಹಡಗಿಲ್ಲವಲ್ಲ."

ಇನ್ನೊಂದು ಲೋಟ ಹುಯ್ದೆ. ಕುಡಿದು, ಹಸುವಿನ ಬೆನ್ನು ತಟ್ಟಿ ಹೊರಟುಹೋದ. ಆಮೇಲೆ ನಾವಿಬ್ಬರೂ ಅನ್ನಕ್ಕೆ ಅದೇ ಮೊಸರು ಕಲೆಸಿಕೊಂಡು ಕೂತೆವು.

"ಹೆಪ್ಪು ಅತ್ತೇದೇ, ಆದ್ರೂ ನಮ್ಮೂರ ಮೊಸರಲ್ಲ ಬುಡಿ" ಎಂದಳು ಜಯಮ್ಮ. ತಟ್ಟೆಯಲ್ಲಿ ಒಂದಗುಳೂ ಉಳಿಸಲಿಲ್ಲ. ಕೆಳಗೆ, ಯಾರೂ ಮಾರದ, ಯಾರೂ ಕೊಳ್ಳದ ಆ ಹಸು ಸಾಲುಮನೆಯ ಕಡೆ ಮುಖ ಮಾಡಿ ಕೂಗುತ್ತಲೇ ಇತ್ತು.