ಊರಿಗೆ ಅಂಕ ಕೊಟ್ಟ ಮಾಸ್ತರ

ಯಾವ ಊರಿಗೆ ಹೋದರೂ ಬಸ್ಸಿನಿಂದ ಇಳಿಯುವ ಮೊದಲೇ ಅದಕ್ಕೆ ಮನಸ್ಸಿನಲ್ಲಿ ಅಂಕ ಕೊಟ್ಟುಬಿಡುವ ಕೆಟ್ಟ ಚಟ ನನಗಿದೆ. ಸಿಂದಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಕೈಯಲ್ಲಿ ಕೆಂಪು ಪೆನ್ನು ಇಲ್ಲದಾಗಲೂ ಕಣ್ಣು ತಪ್ಪು ಹುಡುಕುತ್ತಿರುತ್ತದೆ. ಮದುವೆ ಊಟಕ್ಕೆ ಕೂತರೆ ಎಣ್ಣೆಗಾಯಿಗೆ ಹತ್ತಕ್ಕೆ ಎಷ್ಟು, ಶೇಂಗಾ ಹಿಂಡಿಗೆ ಎಷ್ಟು ಎಂದು ಲೆಕ್ಕ ನಡೆದಿರುತ್ತದೆ. ಮನೆಯ ಅಡುಗೆಗೆ ಮಾತ್ರ ಸದಾ ನೂರಕ್ಕೆ ನೂರು. ಅಲ್ಲಿ ಉತ್ತರಪತ್ರಿಕೆ ತಿದ್ದುವವರೂ ಅಂಕ ಪಡೆಯುವವರೂ ಒಂದೇ ಮನೆಯಲ್ಲಿ ಇರಬೇಕಲ್ಲ.

ಹಾಗೆ ನೋಡಿದರೆ ಈ ಚಟ ಎಲ್ಲರಿಗೂ ಇದೆ, ಒಪ್ಪಿಕೊಳ್ಳುವವರು ಕಡಿಮೆ. ಇಂಡಿಯಲ್ಲಿರುವ ನನ್ನ ಷಡ್ಡಕ ಊರನ್ನು ಅಳೆಯುವುದು ಬಸ್ಸಿನಿಂದ. ಸಂಜೆ ಏಳರ ಮೇಲೆ ವಾಪಸು ಬಸ್ಸು ಸಿಗದ ಊರು ಅವನ ಪಾಲಿಗೆ ಊರೇ ಅಲ್ಲ. ಮುದ್ದೇಬಿಹಾಳದ ನನ್ನ ಅತ್ತೆಯ ಅಳತೆ ಹಿಟ್ಟಿನ ಗಿರಣಿ. ಜೋಳದ ಹಿಟ್ಟು ತರಿತರಿಯಾಗಿ ಬಂದರೆ ಆ ಊರಿನ ದೇವರೂ ಅವರ ಕಣ್ಣಿಗೆ ಅಷ್ಟಕ್ಕಷ್ಟೇ. ಗೊಳಸಂಗಿಯಲ್ಲಿ ನನ್ನ ಅಜ್ಜ ಒಂದೇ ಮಾತು ಕೇಳುತ್ತಿದ್ದ, "ಆ ಊರಾಗ ಕಟ್ಟಿ ಮ್ಯಾಲ ಕುಂತಾವರು ಸರದು ಜಾಗಾ ಕೊಡ್ತಾರೇನು?" ಕೊಡದಿದ್ದರೆ ಊರು ಫೇಲು.

ಇಂಥ ಮನೆತನದ ಅಳತೆಗಳ ನಡುವೆ ಸರಕಾರದ ಅಳತೆ ಬಂತು. ಹೊಸ ಸಹಸ್ರಮಾನ ಕಾಲಿಟ್ಟ ಹೊತ್ತು. ಯಾವ ಪಟ್ಟಣ ಎಷ್ಟು ಜಾಣ, ಎಷ್ಟು ಅಚ್ಚುಕಟ್ಟು, ಎಷ್ಟು ಕಾಲ ತಾಳಿಕೆ ಬರುತ್ತದೆ ಎಂದು ತಿಳಿಯುವುದಕ್ಕೆ ಒಂದು ದಪ್ಪ ಫಾರ್ಮು ಮೇಲಿನಿಂದ ಇಳಿದು ಬಂತು. ನಮ್ಮಲ್ಲಿ ಮೇಲಿನಿಂದ ಏನೇ ಇಳಿದರೂ ಅದು ಮಾಸ್ತರರ ತಲೆಯ ಮೇಲೆಯೇ ನಿಲ್ಲುವುದು. ಜನ ಎಣಿಸಿದ್ದೆವು, ಮತದಾರರನ್ನು ಎಣಿಸಿದ್ದೆವು, ಈಗ ಊರಿಗೇ ಪರೀಕ್ಷೆ. ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ದಿನ ಪುಕ್ಕಟೆ ಕೊಡುತ್ತಿದ್ದ ಅಂಕವನ್ನು ಈಗ ಸರಕಾರವೇ ಕೇಳುತ್ತಿತ್ತು.

ಫಾರ್ಮು ಬರೆದವರು ನಮ್ಮ ಕಡೆಗೆ ಬಂದವರಲ್ಲ ಎಂಬುದು ಎರಡನೆಯ ಪುಟದಲ್ಲೇ ಗೊತ್ತಾಯಿತು. "ನಾಗರಿಕರ ವಿಹಾರಕ್ಕೆ ಇರುವ ತಾಣಗಳು" ಎಂದಿತ್ತು. ಬಹಳ ಯೋಚಿಸಿ ಬಸ್‌ಸ್ಟ್ಯಾಂಡ್ ಎಂದು ಬರೆದೆ. ಹಸಿರು ಪ್ರದೇಶ ಎಷ್ಟು ಎಂದು ಇನ್ನೊಂದು ಪ್ರಶ್ನೆ. ಊರ ಸುತ್ತ ಹಿಂಗಾರಿ ಜೋಳ ಎದೆಮಟ್ಟ ನಿಂತಿತ್ತು. ಅದನ್ನು ಸೇರಿಸಿದರೆ ನಾವು ಯಾವ ದೇಶಕ್ಕೂ ಕಡಿಮೆಯಿಲ್ಲ, ಕಟಾವಿನ ನಂತರ ಬಂದು ಎಣಿಸಿದರೆ ಸೊನ್ನೆ. "ಈ ಪಟ್ಟಣ ಮುಂದಿನ ಐವತ್ತು ವರ್ಷ ತಾಳಬಲ್ಲದೇ?" ಎಂಬ ಪ್ರಶ್ನೆಯನ್ನು ಚಹಾದಂಗಡಿಯಲ್ಲಿ ಕೂತಿದ್ದ ಒಬ್ಬ ಹಿರಿಯರ ಮುಂದಿಟ್ಟೆ. ಅವರು ಬಸಿಯಲ್ಲಿದ್ದ ಚಹಾ ಮುಗಿಸಿ, "ಊರು ತಾಳ್ತೈತಿ ಬಿಡ್ರಿ ಸರ್ರ, ಅದರ ಚಿಂತಿ ಬ್ಯಾಡ. ನಾವು ತಾಳೂದರ ಬಗ್ಗೆ ಏನರ ಬರದಾರೇನು ನೋಡ್ರಿ" ಎಂದರು. ಪುಟ ತಿರುವಿ ನೋಡಿದೆ, ಬರೆದಿರಲಿಲ್ಲ.

ನನ್ನ ಪಾಲಿಗೆ ಬಂದ ಓಣಿಗಳಲ್ಲಿ ಅಗಸಿ ಹಿಂದಿನ ಓಣಿಯೂ ಒಂದು. ಊರ ಹಳೆಯ ಬಾಗಿಲಿನ ಹಿಂದೆ ಅಂಟಿಕೊಂಡಿರುವ, ಹನ್ನೊಂದೇ ಮನೆಗಳ ಸಣ್ಣ ಓಣಿ. ಹೊಸ ನಳದ ಪೈಪು ಮೊದಲು ಯಾವ ಓಣಿಗೆ ಹಾಕಬೇಕು ಎಂಬುದು ನಮ್ಮ ಫಾರ್ಮಿನ ಮೇಲೆ ನಿಂತಿತ್ತು. ಹಾಗಾಗಿ ನೀರಿನ ಪ್ರಶ್ನೆಯನ್ನು ಬಲು ಗಂಭೀರವಾಗಿ ಕೇಳಿದೆ. ಮೊದಲ ಮನೆಯ ನೀಲವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ತುಂಬಿದ ತಂಬಿಗೆ ಮುಂದಿಟ್ಟು, "ನೀರಿಂದೇನ್ರಿ ಸರ್ರ, ಬೇಕಾದಷ್ಟು ಐತಿ. ಮೊದಲ ನೀವು ಕುಡೀರಿ" ಎಂದಳು. ಎರಡನೆಯ ಮನೆಯಲ್ಲೂ ಅದೇ ಮಾತು, ಅದೇ ತಂಬಿಗೆ. ನಮ್ಮಲ್ಲಿ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಹನ್ನೊಂದು ಮನೆ ಮುಗಿಯುವಷ್ಟರಲ್ಲಿ ಓಣಿಯಲ್ಲಿ ನೀರಿದೆ ಎನ್ನುವುದಕ್ಕೆ ನನ್ನ ಹೊಟ್ಟೆಯೇ ಸಾಕ್ಷಿಯಾಗಿತ್ತು. "ಸಾಕಷ್ಟು" ಎಂಬಲ್ಲಿ ಹನ್ನೊಂದು ಬಾರಿ ಗುರುತು ಹಾಕಿ, ಅವಸರದಿಂದ ಮನೆಗೆ ಬಂದೆ.

ಪೈಪಿನ ಪಟ್ಟಿ ಬಂದಾಗ ಅಗಸಿ ಹಿಂದಿನ ಓಣಿ ಅದರಲ್ಲಿ ಇರಲಿಲ್ಲ. ಇರಬಾರದು ಕೂಡ, ಅವರಿಗೆ ನೀರು ಸಾಕಷ್ಟಿದೆಯಲ್ಲ. ಈ ತರ್ಕವನ್ನು ಊಟದ ಹೊತ್ತಿಗೆ ಹೆಂಡತಿಗೆ ವಿವರಿಸಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ದಿನಾ ಮುಂಜಾನೆ ನೀವು ಪೇಪರ್ ಹಿಡಕೊಂಡು ಕುಂತಾಗ ಕೊಡಾ ಹೊತ್ತು ನಮ್ಮ ಮನಿ ಮುಂದ ಸಾಲಾಗಿ ಹೋಗ್ತಾರಲ್ಲ, ಅವರು ಯಾರು ಅಂತ ಮಾಡೀರಿ? ಅದs ಓಣ್ಯಾವ್ರು. ತ್ವಾಟದ ಬಾವಿಗೆ ಹೋಗ್ತಾರ. ನೀವು ಕುಡದು ಬಂದ ನೀರೂ ಅಲ್ಲಿಂದs."

ನಾನು ಆ ಸಾಲನ್ನು ವರ್ಷಗಟ್ಟಲೆ ನೋಡಿದ್ದೆ. ನೀಲವ್ವನ ಬಲಗಾಲು ಸ್ವಲ್ಪ ಎಳೆಯುವುದನ್ನೂ ನೋಡಿದ್ದೆ. ಬೆಳಗಿನ ಆ ಕೊಡಕ್ಕೂ ಮಧ್ಯಾಹ್ನದ ಆ ತಂಬಿಗೆಗೂ ಸಂಬಂಧ ಹಚ್ಚುವುದು ಎರಡನೆಯ ತರಗತಿಯ ಕೂಡುವ ಲೆಕ್ಕ. ಗಣಿತದ ಮಾಸ್ತರನಿಗೆ ಅದು ಬಂದಿರಲಿಲ್ಲ. ನಿಜವಾಗಿಯೂ ನಾಚಿಕೆಯಾಯಿತು.

ಸಂಜೆ ನೀಲವ್ವನ ಮನೆಗೆ ಹೋಗಿ, ಫಾರ್ಮು ತಿದ್ದಿಸುತ್ತೇನೆ, ಹೀಗೇಕೆ ಹೇಳಿದಿರಿ ಎಂದು ಕೇಳಿದೆ. ಆಕೆಗೆ ಸಂತೋಷವಾದೀತು ಎಂದುಕೊಂಡಿದ್ದೆ. ಆಕೆ ಗಾಬರಿಯಾಗಿ ಬಾಗಿಲು ಮುಂದೆ ಮಾಡಿದಳು.

"ಕೈ ಮುಗೀತೇನ್ರಿ ಸರ್ರ, ತಿದ್ದಬ್ಯಾಡ್ರಿ. ನಮ್ಮ ಮಲ್ಲಪ್ಪಗ ಹೆಣ್ಣು ನೋಡಾಕತ್ತೇವಿ. ನಿಡಗುಂದಿಯವರು ಬರಾವರದಾರ. ಅವರ ಹೊಲಕ್ಕ ಕಾಲವಿ ನೀರು, ಹಿತ್ತಲಕ್ಕ ನಳಾ. ಇಲ್ಲಿ ನೀರಿಲ್ಲ ಅಂತ ನೀವು ಕಾಗದದಾಗ ಬರದ್ರ ಅದು ಬಸ್ಸಿಗಿಂತ ಮೊದಲ ನಿಡಗುಂದಿ ಮುಟ್ಟತೈತಿ. ಓಣ್ಯಾಗ ಇನ್ನೂ ನಾಕು ಹುಡುಗ್ರು ಲಗ್ನಕ್ಕ ಬಂದಾರ. ಎಲ್ಲಾರೂ ಕೂಡೇ ಮಾತಾಡಿ ಐತಿ ಅಂತ ಹೇಳೇವಿ."

ಮಲ್ಲಪ್ಪ ಅವಳ ಒಬ್ಬನೇ ಮಗ. ಬಸ್‌ಸ್ಟ್ಯಾಂಡಿನ ಹತ್ತಿರ ಟೇಲರ್ ಅಂಗಡಿ, ನನ್ನ ಪ್ಯಾಂಟುಗಳನ್ನು ವಯಸ್ಸಿಗೆ ತಕ್ಕಂತೆ ಸಡಿಲ ಮಾಡಿಕೊಡುತ್ತಿದ್ದ ಸಭ್ಯ. ಎರಡು ಸಂಬಂಧಗಳು ನೀರಿನ ಕಾರಣಕ್ಕೇ ಮುರಿದಿದ್ದವಂತೆ. ಮೂರನೆಯದೂ ಹೋದರೆ ಹುಡುಗನ ಹೆಸರು ಕೆಡುತ್ತದೆಂದು ನೀಲವ್ವನ ಕಣ್ಣುಗಳು ತುಂಬಿದ್ದವು.

ನೀರು ಕಡಿಮೆ ಇರುವ ಊರಿಗೆ ಹೆಣ್ಣು ಕೊಡಬಾರದು ಎಂಬುದು ಈ ಭಾಗದಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಕಾಯ್ದೆ. ಹಿರಿಯರ ಅಳತೆಗಳೇ ಹಾಗೆ. ಗೇಣು, ಮೊಳ, ಮಾರು, ಬೊಗಸೆ ಎಲ್ಲದರಲ್ಲೂ ಒಬ್ಬ ಮನುಷ್ಯ ಕೈಚಾಚಿ ನಿಂತಿರುತ್ತಾನೆ. ಭೂಮಿಯನ್ನೂ ಬಿತ್ತುವ ಕೂರಿಗೆಯ ಲೆಕ್ಕದಲ್ಲೇ ಹೇಳುತ್ತಿದ್ದರು, ಅದರಲ್ಲಿ ಎತ್ತಿನ ಬೆವರೂ ಸೇರಿರುತ್ತಿತ್ತು. ದೂರ ಕೇಳಿದರೆ, "ಒಂದು ಎಲಿ ಅಡಕಿ ಮುಗಿಯೂದರಾಗ ಮುಟ್ಟತೀರಿ" ಎನ್ನುವವರು ಮೋರಟಗಿಯ ದಾರಿಯಲ್ಲಿ ಈಗಲೂ ಸಿಗುತ್ತಾರೆ. ಊರಿನ ನೀರನ್ನೂ ಹಾಗೆಯೇ, ಅದನ್ನು ಹೊರುವ ಹೆಣ್ಣಿನ ಕುತ್ತಿಗೆಯಿಂದ ಅಳೆದರು. ಲೀಟರಿನಲ್ಲಿ ಕುತ್ತಿಗೆ ಇಲ್ಲ. ಆದರೆ ಇದೇ ಕಾಯ್ದೆಗೆ ಅಂಜಿ ಒಂದು ಇಡೀ ಓಣಿ ತನಗೆ ಬರಬೇಕಾದ ನಳವನ್ನು ತಾನೇ ಬೇಡವೆಂದು ಹೇಳಿ ಕೂತಿತ್ತು. ಆ ಓಣಿಯ ಮೇಲೆ ಸಿಟ್ಟು ಮಾಡಲು ನನಗಾಗಲಿಲ್ಲ. ಬಡವರ ಮನೆಯ ಮರ್ಯಾದೆಗೆ ಯಾವ ಫಾರ್ಮಿನಲ್ಲಿ ಕಾಲಂ ಇದೆ ಹೇಳಿ.

ಕೊನೆಗೆ ಒಂದು ಒಪ್ಪಂದವಾಯಿತು. ಲಗ್ನದ ಮಾತು ಮುಗಿಯುವ ತನಕ ಫಾರ್ಮು ಮುಟ್ಟುವುದಿಲ್ಲ, ನಾನಾಗಿ ಹೋಗಿ ಯಾರಿಗೂ ಹೇಳುವುದಿಲ್ಲ ಎಂದೆ. ಯಾರಾದರೂ ಬಂದು ಕೇಳಿದರೆ ಏನು ಎಂಬುದನ್ನು ಆಕೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಲೆಕ್ಕದವರು ಅಂಥ ಕಡೆ ಒಂದು ಗೆರೆ ಎಳೆದು ಸುಮ್ಮನಾಗುತ್ತೇವೆ.

ನಿಡಗುಂದಿಯವರು ಬಂದರು. ಹುಡುಗನನ್ನು ನೋಡಿದರು, ಮನೆ ನೋಡಿದರು, ಅವಲಕ್ಕಿ ತಿಂದರು. ಮರುದಿನ ಎರಡನೆಯ ಪಿರಿಯಡ್ ಮುಗಿಯುವ ಹೊತ್ತಿಗೆ ಬಿಳಿ ಟೊಪ್ಪಿಗೆಯ ಒಬ್ಬ ಗೃಹಸ್ಥರು ಶಾಲೆಯ ಬೇವಿನ ಗಿಡದ ಕೆಳಗೆ ನನಗಾಗಿ ಕಾಯುತ್ತಿದ್ದರು. ಹುಡುಗಿಯ ತಂದೆ, ಹೆಸರು ಸಂಗಪ್ಪ. ರಾತ್ರಿ ಊರಲ್ಲೇ ದೂರದ ನೆಂಟರೊಬ್ಬರ ಮನೆಯಲ್ಲಿ ಉಳಿದಿದ್ದರಂತೆ. ನಮಸ್ಕಾರ ಹೇಳಿ ನೇರವಾಗಿ ಕೇಳಿದರು.

"ಅಗಸಿ ಹಿಂದಿನ ಓಣಿ ಎಲ್ಲಾ ನೀವs ಬರಕೊಂಡೀರಂತಲ್ರಿ ಸರ್ರ. ನೀರು ಹೆಂಗೈತ್ರಿ ಅಲ್ಲಿ?"

ಸರಕಾರ ಆ ಫಾರ್ಮನ್ನು ಓದಿತೋ ಇಲ್ಲವೋ ತಿಳಿಯದು. ಈ ಮನುಷ್ಯ ಮಾತ್ರ ಅದರಲ್ಲಿನ ಒಂದೇ ಒಂದು ಸಾಲು ಕೇಳಲು ಎದುರಿಗೆ ಬಂದು ನಿಂತಿದ್ದರು. "ಸಾಕಷ್ಟು" ಎಂದರೆ ಮುಗಿಯುತ್ತಿತ್ತು, ಸಹಿಯೂ ನನ್ನದೇ ಇತ್ತು. ನೀಲವ್ವನ ತುಂಬಿದ ಕಣ್ಣು ನೆನಪಾಯಿತು. ಕೊಡ ಹೊತ್ತು ನನ್ನ ಮನೆಯ ಮುಂದೆ ಹೋಗಬೇಕಾದ, ನಾನಿನ್ನೂ ನೋಡದ ಆ ಹುಡುಗಿಯೂ ನೆನಪಾದಳು. ನಾನು ಆ ಹುಡುಗಿಯ ಕಡೆ ವಾಲಿದೆ.

"ಇಲ್ರಿ," ಎಂದೆ. "ನಾ ತಪ್ಪು ಬರದೇನಿ. ನೀರು ದೂರ ಐತಿ. ತ್ವಾಟದ ಬಾವಿಯಿಂದ ಹೊತ್ತು ತರ್ತಾರ. ಆದ್ರ ಹುಡುಗ ಭಾಳ ಛಲೋ ಅದಾನ್ರಿ, ಅದನ್ನೂ ಕೇಳ್ರಿ."

ಹೇಳುವಾಗಲೇ ಸಂಬಂಧ ಮುರಿಯಿತು, ಮುರಿದವನು ನಾನು ಎಂದುಕೊಂಡೆ. ಸಂಗಪ್ಪನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಕ್ಕರು.

"ಗೊತ್ತೈತ್ರಿ. ನಿನ್ನೆ ಕಾಲು ತೊಳಕೊಳ್ಳಾಕ ಕೊಟ್ಟ ತಂಬಗಿ ಅರ್ಧಾ ಇತ್ತು, ಕುಡ್ಯಾಕ ಕೊಟ್ಟದ್ದು ತುಂಬಿತ್ತು. ನೀರು ಕಮ್ಮಿ ಐತಿ, ಮನಿಷ್ಯಾರು ಕಮ್ಮಿ ಇಲ್ಲ ಅಂತ ಅಲ್ಲೇ ತಿಳೀತು."

ನಾನು ತಿಂಗಳುಗಟ್ಟಲೆ ಮಾಡಿದ ಸರ್ವೆಯನ್ನು ಅವರು ಎರಡು ತಂಬಿಗೆಯಲ್ಲಿ ಮುಗಿಸಿದ್ದರು.

"ಮತ್ತ ನನ್ನ ಯಾಕ ಕೇಳಿದ್ರಿ?"

"ಮಗಳ್ನ ಕೊಡಾಕತ್ತೇನ್ರಿ ಸರ್ರ. ನಾಳೆ ಆಕಿಗೆ ಏನರ ತ್ರಾಸ ಆದ್ರ ಬೀಗರು ಅರಾಮ ಅದಾಳ ಅಂತಾರ, ಆಕೀನೂ ಅರಾಮ ಅದೇನಿ ಅಂತಾಳ. ಖರೇ ಹೇಳಾವರು ಊರಾಗ ಒಬ್ಬರರ ಬೇಕಲ್ರಿ. ಅದನ್ನ ನೋಡಾಕ ಬಂದಿದ್ನಿ."

ಲಗ್ನ ಆಯಿತು. ನಾನು ಬೀಗರಿಗೆ ನಿಜ ಹೇಳಿದ್ದು ತಿಳಿದು ನೀಲವ್ವ ಒಂದು ತಿಂಗಳು ನನ್ನ ಮೇಲೆ ಮುನಿಸಿಕೊಂಡಿದ್ದಳು, ಆಮೇಲೆ ತಾನೇ ಪಕ್ಕದಲ್ಲಿ ನಿಂತು ಫಾರ್ಮಿನ ಸಾಲನ್ನು ತಿದ್ದಿಸಿದಳು. ತಿದ್ದಿದ ಕೂಡಲೇ ನಳ ಬಂದಿತೆಂದು ಹೇಳಿದರೆ ಕತೆ ಚೆಂದವಾಗುತ್ತದೆ, ಆದರೆ ಹಾಗಾಗಲಿಲ್ಲ. ಆ ವರ್ಷದ ಪಟ್ಟಿ ಮುಗಿದುಹೋಗಿತ್ತು. ನಿಡಗುಂದಿಯ ಹುಡುಗಿ ಎರಡು ಬೇಸಿಗೆ ಕೊಡ ಹೊತ್ತಳು. ಆ ಎರಡು ಬೇಸಿಗೆ ನಾನು ಬೆಳಗಿನ ಪೇಪರನ್ನು ಒಳಗೇ ಕೂತು ಓದಿದೆ. ಆಮೇಲೆ ನಳವೂ ಬಂತು. ನಮ್ಮ ಊರಿಗೆ ಆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೆಂದು ಮಾತ್ರ ಇಂದಿಗೂ ಯಾರೂ ತಿಳಿಸಿಲ್ಲ.

ಸಂಗಪ್ಪನವರು ಸಿಂದಗಿಗೆ ಬಂದಾಗಲೆಲ್ಲ ಮಗಳ ಮನೆಗಿಂತ ಮೊದಲು ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಏಳುವ ಹೊತ್ತಿಗೆ ನನ್ನ ಮುಖ ನೋಡಿ, "ಹೆಂಗದಾಳ್ರಿ ಸರ್ರ?" ಎಂದು ಕೇಳುತ್ತಾರೆ. ಯಾವಾಗ ಬಂದು ಕೇಳುತ್ತಾರೋ ಹೇಳಲು ಬರುವುದಿಲ್ಲ. ಅದಕ್ಕೇ ನಾನು ವಾರಕ್ಕೊಂದು ಸಲ ಅಂಗಡಿಯ ಬದಲು ಮನೆಗೇ ಪ್ಯಾಂಟು ಕೊಡುವ ನೆಪ ಮಾಡಿಕೊಂಡು ಆ ಓಣಿಗೆ ಹೋಗಿ, ಸ್ವಲ್ಪ ಹೊತ್ತು ಕೂತು ಬರುತ್ತೇನೆ.