ಮೊದಲ ಪಂಕ್ತಿಗೆ ಬಂದ ಕಾಗದ

ನೆಂಟರನ್ನು ಕರೆಯುವ ಕಾಗದ ಬರೆಯುವುದರಲ್ಲಿ ನಾನು ದೊಡ್ಡ ಪಂಡಿತೆ ಎಂದು ಹನೂರಿನಲ್ಲಿ ಒಂದು ಕಾಲಕ್ಕೆ ಹೆಸರಾಗಿತ್ತು. ಆ ಹೆಸರು ಬಂದದ್ದು ಒಂದೇ ಕಾಗದದಿಂದ, ಹೋದದ್ದೂ ಅದೇ ಕಾಗದದಿಂದ. ನಾನು ಕೊಳ್ಳೇಗಾಲದಲ್ಲಿ ಎಂಟನೆಯ ಕ್ಲಾಸಿನವರೆಗೆ ಓದಿದವಳು. ಗಂಡನ ಮನೆಗೆ ಬಂದಾಗ ಅಲ್ಲಿ ಬರೆಯಲು ಬರುತ್ತಿದ್ದ ಹೆಂಗಸು ನಾನೊಬ್ಬಳೇ. ಜಂಬಕ್ಕೆ ಅಷ್ಟು ಸಾಕಾಗಿತ್ತು.

ನನ್ನ ಮದುವೆಯಾಗಿ ಮೂರು ವರ್ಷಕ್ಕೆ ಮಾವನವರು ಮಾದಪ್ಪನ ಪರ ಮಾಡಬೇಕೆಂದು ಹೊರಟರು. ಪರ ಎಂದರೆ ದೇವರ ಹೆಸರಿನಲ್ಲಿ ನೆಂಟರಿಷ್ಟರಿಗೆಲ್ಲ ಅನ್ನ ಹಾಕುವುದು. ಅಜ್ಜೀಪುರದ ದಾಯಾದಿಗಳು, ಪಾಲಾರಿನ ಕಡೆ ಹೋಗಿ ಅರ್ಧ ತಮಿಳರಾದವರು, ಎಲ್ಲರೂ ಒಂದು ಸಲ ಒಟ್ಟಿಗೆ ಕೂತು ಉಣ್ಣಬೇಕು ಎನ್ನುವುದು ಅವರ ಬಾಯಿಮಾತು. ಮನಸ್ಸಿನಲ್ಲಿದ್ದವಳು ಒಬ್ಬಳೇ, ಯಳಂದೂರಿಗೆ ಕೊಟ್ಟಿದ್ದ ತಂಗಿ. ತಾಯಿ ಸತ್ತಾಗ ಆಕೆಗೆ ನಾಲ್ಕು ವರ್ಷ, ಇವರೇ ಹೆಗಲ ಮೇಲೆ ಹೊತ್ತು ಸಾಕಿದ್ದರು. ನನ್ನ ಮದುವೆಯ ಊಟದಲ್ಲಿ ಯಾರೋ ತಿಳಿಗೇಡಿ ಆಕೆಯನ್ನು ಎರಡನೆಯ ಪಂಕ್ತಿಗೆ ಕಾಯಿಸಿದ. ಮನೆಮಗಳು ಕಂಡವರ ಎಂಜಲೆಲೆ ಎತ್ತುವವರೆಗೆ ನಿಂತಿರಬೇಕೇ ಎಂದು ಗಾಡಿ ಹತ್ತಿದವಳು ಮತ್ತೆ ಹನೂರಿನ ಕಡೆ ತಲೆ ಹಾಕಿರಲಿಲ್ಲ. ಮಾವನವರೂ ಹೋಗಿರಲಿಲ್ಲ, ಮೀಸೆ ಅಡ್ಡ ಬಂದಿತ್ತು. ಈಗಂತೂ ಆಕೆ ಬರದೆ ಆಗುವಂತಿರಲಿಲ್ಲ. ಮನೆಯ ಹೆಣ್ಣುಮಗಳು ದೀಪ ಹಚ್ಚಿದ ಮೇಲೆಯೇ ಪರದ ಎಲೆಗೆ ಬಡಿಸುವುದು ನಮ್ಮ ಮನೆಯ ಪದ್ಧತಿ.

ಈ ಕಷ್ಟಕ್ಕೆ ಮಾವನವರು ಕೊಳ್ಳೇಗಾಲದ ಪ್ರೆಸ್ಸಿನಲ್ಲಿ ಮದ್ದು ಕಂಡುಕೊಂಡರು.

"ಊರೂರು ಅಲ್ಕಂಡು ಕರಿಯಕಾದದಾ ಅಮ್ಮಿ? ಅಚ್ಚಾಕ್ಸಿ ಟಪಾಲಿಗೆ ಆಕುದ್ರಾಯ್ತು. ನೀನು ಬರಿ" ಎಂದರು.

ಬರೆದೆ. ಏನು ಬರೆದೆ ಎನ್ನುತ್ತೀರಿ. 'ತಾವುಗಳು ಸಕುಟುಂಬ ಸಪರಿವಾರ ಸಮೇತರಾಗಿ ದಯಮಾಡಿಸಿ, ಶ್ರೀ ಸ್ವಾಮಿಯ ಪ್ರಸಾದವನ್ನು ಸ್ವೀಕರಿಸಿ, ನಮ್ಮನ್ನು ಕೃತಾರ್ಥರನ್ನಾಗಿ ಮಾಡಬೇಕಾಗಿ ವಿಜ್ಞಾಪನೆ' ಎಂಬಲ್ಲಿಂದ ಶುರುವಾಗಿ ಹದಿನಾಲ್ಕು ಸಾಲು. ಕೆಳಗೆ ಕರೆಯುವವರ ಹೆಸರು. ತನ್ನ ಹೆಸರು ಇನ್ನೊಬ್ಬನದಕ್ಕಿಂತ ಕೆಳಗೇಕೆ ಎಂದು ಒಬ್ಬೊಬ್ಬ ದಾಯಾದಿಯೂ ಪ್ರೆಸ್ಸಿಗೆ ಹೋಗಿ ಕೂತ. ಪ್ರೆಸ್ಸಿನವನು ರೋಸಿಹೋಗಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಅಡ್ಡಡ್ಡ ಜೋಡಿಸಿದ. ಆಗ ಎಡಗಡೆ ಯಾರಿರಬೇಕೆಂದು ಜಗಳ ಹತ್ತಿತು.

ಅತ್ತೆ ಒಬ್ಬರೇ ಬುದ್ಧಿ ಹೇಳಿದವರು. "ತಂಗಿ ಮನೆಗಾದ್ರೂ ಓಗಿ ಎಲೆ ಅಡಿಕೆ ಕೊಟ್ಬುಟ್ಟು ಬನ್ನಿ. ಮನೆ ಹೆಣ್ಮಗಳ್ನ ಯಾರಾರ ಟಪಾಲಲ್ಲಿ ಕರೆದಾರಾ?"

ಮಾವನವರು "ಅವಳ ಕಾಗದಕ್ಕೆ ಅರಿಸಿನ ವಸಿ ಎಚ್ಚಾಗಿ ಬಳಿ ಅಮ್ಮಿ" ಎಂದರು. ನಾನು ನಾಲ್ಕು ಮೂಲೆಗೂ ಧಾರಾಳವಾಗಿ ಬಳಿದೆ. ಆಗ ನಮ್ಮದು ಮದರಾಸಿನ ಸರ್ಕಾರ, ಯಳಂದೂರು ಮೈಸೂರಿನದು. ಒಂದು ದಿನದ ಗಾಡಿ ದಾರಿಯಲ್ಲಿದ್ದ ತಂಗಿಗೆ ಅಣ್ಣನ ಕರೆ ಎರಡು ಸರ್ಕಾರಗಳ ಗಡಿ ದಾಟಿಕೊಂಡು ಹೋಯಿತು.

ಪರದ ದಿನ ಜನ ಕಿಕ್ಕಿರಿದು ಬಂದರು. ಮನೆಗೆ ಬಂದು ಕರೆಯದೆ ಕಾಗದ ಹಾಕಿದರೆಂದು ಬೈಯುತ್ತಲೇ ಬಂದರು, ಬೈಯುತ್ತಲೇ ಎಲೆ ಮುಂದೆ ಕೂತರು. ಮಾವನ ತಂಗಿಯ ಸುಳಿವಿಲ್ಲ. ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಹೊಸೆದಿಟ್ಟು ನಡುಮಧ್ಯಾಹ್ನವಾಯಿತು. ಕಜ್ಜಾಯದ ವಾಸನೆಗೆ ದಾಯಾದಿಗಳ ಮುಖ ಸಿಡುಕಾಗುತ್ತಿತ್ತು.

ಅಷ್ಟರಲ್ಲಿ ಯಳಂದೂರಿನ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಮಾವನವರು ಪಂಚೆ ಎತ್ತಿಕೊಂಡು ಓಡಿದರು. ಗಾಡಿಯಲ್ಲಿ ಯಾರೂ ಇರಲಿಲ್ಲ. ಗಾಡಿಯವನು ಒಂದು ಹಿತ್ತಾಳೆ ತಟ್ಟೆ ಇಳಿಸಿಕೊಂಡ. ತಟ್ಟೆಯಲ್ಲಿ ನನ್ನ ಕಾಗದ, ಅದರ ಮೇಲೊಂದು ಚೆಂಡುಹೂವು.

"ಅಮ್ಮೋರು ಇಂಗೇ ಯೋಳು ಅಂದವ್ರೆ ಸಾ" ಎಂದು ಅವನು ನೆಲ ನೋಡಿಕೊಂಡು ಒಪ್ಪಿಸಿದ. "ಕರಿಯಕೆ ಕಾಗದ ಬಂದಿತ್ತು. ಚಾಪೆ ಆಕಿ ಕೂರಿಸ್ದೊ. ಮಜ್ಜಿಗೆ ಕೊಟ್ಟೊ, ಕುಡೀನಿಲ್ಲ. ಉಣ್ಣಕೂ ಅದ್ನೇ ಕಳಿಸಿವ್ನಿ. ಮೊದಲ್ನೇ ಪಂಕ್ತಿಲಿ ಕೂರಿಸಿ."

ಅಂಗಳವೆಲ್ಲ ನಕ್ಕಿತು. ನನಗೆ ಎಲ್ಲಾದರೂ ಹೋಗಿ ಅವಿತುಕೊಳ್ಳೋಣ ಅನ್ನಿಸಿತು. ಮಾವನವರು ನಗಲಿಲ್ಲ. ಮೊದಲ ಪಂಕ್ತಿಯ ತಲೆಗೆ ತಾವೇ ಒಂದು ಎಲೆ ಹಾಕಿ, ನೀರು ಚಿಮುಕಿಸಿ, ಕಾಗದವನ್ನು ಅದರ ಮುಂದೆ ಇಟ್ಟರು.

"ಇನ್ನು ದೀಪ ಅಚ್ಚಕೆ ಬತ್ತದಾ ಅಂತ ಅದ್ನೇ ಕೇಳಿ" ಎಂದರು ಅತ್ತೆ.

ಮಾವನವರು ಒಳಗೆ ಹೋಗಿ ಎಲೆ ಅಡಿಕೆಯನ್ನು ಹೆಗಲ ವಸ್ತ್ರದಲ್ಲಿ ಕಟ್ಟಿಕೊಂಡು ಬಂದು ಅದೇ ಗಾಡಿ ಹತ್ತಿದರು. ಇಷ್ಟು ಜನರನ್ನು ಉಪವಾಸ ಕೆಡವಿ ಹೋಗುತ್ತೀಯಾ ಎಂದು ದಾಯಾದಿಗಳು ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಇದು ಪರವಲ್ಲ, ಬರೀ ಊಟ ಎಂದು ಅತ್ತೆ ಎಲ್ಲರಿಗೂ ಬಡಿಸಿದರು. ಅಷ್ಟೊಂದು ಅವಮಾನವಾಗಿದ್ದವರು ಒಬ್ಬರೂ ಎರಡನೆಯ ಕಜ್ಜಾಯ ಬೇಡ ಅನ್ನಲಿಲ್ಲ. ಮೊದಲ ಎಲೆಯನ್ನು ಮಾತ್ರ ಅತ್ತೆ ಎತ್ತಲು ಬಿಡಲಿಲ್ಲ.

ಗಾಡಿ ತಿರುಗಿ ಬಂದದ್ದು ಮಾರನೆಯ ಸಂಜೆ. ಮಾವನವರು ನೊಗದ ಪಕ್ಕ ನಡೆದು ಬರುತ್ತಿದ್ದರು, ತಂಗಿ ಗಾಡಿಯಲ್ಲಿ ಕೂತಿದ್ದರು. ಆಕೆ ಕಾಲು ತೊಳೆದುಕೊಂಡು ನೇರ ಒಳಗೆ ಹೋಗಿ ದೀಪ ಹಚ್ಚಿದರು. ನಾನು ಗಾಡಿಯವನ ಹತ್ತಿರ ಹೋಗಿ, ಅಲ್ಲಿ ಮಾವನವರು ಏನಂದರು ಎಂದು ಕೇಳಿದೆ.

"ಏನೂ ಇಲ್ಲ ಕಣವ್ವ. ಬಾಗಿಲಲ್ಲಿ ನಿಂತ್ಕಂಡು, ಬಾರವ್ವ ಅಂದ್ರು."

ನನ್ನ ಹದಿನಾಲ್ಕು ಸಾಲಿನಲ್ಲಿ ಆ ಮಾತೊಂದು ಇರಲಿಲ್ಲ.

ಪಂಕ್ತಿಯ ತಲೆಗೆ ಹಾಕಿದ್ದ ಎಲೆ ಬಾಡಿ ಸುರುಟಿಕೊಂಡಿತ್ತು. ಆಕೆ ಅದರ ಮುಂದೆಯೇ ಕೂತು, ಕಾಗದವನ್ನು ನನ್ನ ಕೈಗೆ ಕೊಟ್ಟರು.

"ನೀನೇನಾ ಬರ್ದೋಳು? ಚೆಂದಾಗದೆ ಕಣಮ್ಮಿ. ಇದ್ರಲ್ಲಿ ನಮ್ಮಣ್ಣ ಎಲ್ಲವ್ನೆ ಅಂತ ಮೇಷ್ಟ್ರ ಕೈಲಿ ಎರಡ್ ಸಲ ಓದುಸ್ದೆ. ಸಿಗ್ನಿಲ್ಲ."